ವೆನಿಸ್ ಪ್ಲ್ಯಾನ್, ಭಾಗ 3: ಮೊದಲು ರಿಯಾಲ್ಟೋ

ವೆನಿಸ್‌ಗೆ ಹೋಗೋ ಆಸೆ ಇದ್ರೆ ದೋಣಿ ಫೋಟೋ ಆಮೇಲೆ ತಗೊಳ್ಳಿ, ಬಿಕಾಂನೋರು ಮೊದಲು ರಿಯಾಲ್ಟೋಗೆ ಹೋಗಿ. ಅಲ್ಲಿ ಸ್ಯಾನ್ ಜಾಕೊಮೊ ಚರ್ಚಿನ ಚೌಕದಲ್ಲಿ ಹಿಂದೆ ಬ್ಯಾಂಕಿನವರು ಲೆಡ್ಜರ್ ಬಿಚ್ಚಿಟ್ಟು ಕೂರ್ತಿದ್ರು. ಮೆಣಸಿನ ವ್ಯಾಪಾರಿ ಬಂದು ಬಾಯಲ್ಲಿ ಹೇಳಿದ್ರೆ ಸಾಕು, ದುಡ್ಡು ಇವರ ಖಾತೆಯಿಂದ ಅವರ ಖಾತೆಗೆ! ನಾಣ್ಯ ಎಣಿಸೋ ಗೋಜೇ ಇಲ್ಲ.

1494ರಲ್ಲಿ ಲೂಕಾ ಪಚೋಲಿ ಈ ಊರಲ್ಲೇ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ವೆನಿಸ್‌ನವರು ಲೆಕ್ಕ ಬರೆಯುವ ರೀತಿಯನ್ನ ವಿವರಿಸಿದ. ಅವನನ್ನ ‘ಅಕೌಂಟಿಂಗ್ ಪಿತಾಮಹ’ ಅಂತ ಬರೆದು ನಾವೆಲ್ಲ ಮಾರ್ಕ್ಸ್ ತಗೊಂಡಿದ್ದೀವಿ. ಆದ್ರೆ ಡಬಲ್ ಎಂಟ್ರಿ ಅವನು ಕಂಡುಹಿಡಿದದ್ದಲ್ಲ. ಇಟಲಿಯದೇ ಜಿನೋವಾ ನಗರದ ಖಜಾನೆಯ 1340ರ ಲೆಡ್ಜರಲ್ಲೇ ಇದೆ. ಅದನ್ನ ಬರೆದ ಗುಮಾಸ್ತರ ಬಗ್ಗೆ ಯಾವ ಪ್ರಶ್ನೆಪತ್ರಿಕೆಯೂ ಕೇಳಲ್ಲ, ನನಗಂತೂ ಅದೇ ಬೇಜಾರು.

ಅಂದಹಾಗೆ, ಒಂದೇ ದಿನಕ್ಕೆ ಹೋಗಿಬರೋರಿಗೆ 2024ರಿಂದ ವರ್ಷದ ಕೆಲವು ದಿನ ಪ್ರವೇಶ ಶುಲ್ಕ ಇದೆ. ಅದನ್ನೂ ಬಜೆಟ್‌ಗೆ ಸೇರಿಸ್ಕೊಳ್ಳಿ.