ಬೆನ್ನುನೋವಿಗೆ ಸಾಕ್ಷಿ ಎಲ್ಲಿದೆ?

ಕಾಲು ಕಳೆದುಕೊಂಡು ಯುದ್ಧದಿಂದ ಮರಳಿದ ಸೈನಿಕನ ಬಳಿ ಯಾರೂ ಸಾಕ್ಷಿ ಕೇಳುವುದಿಲ್ಲ. ಬೆನ್ನು ನೋಯುತ್ತಿದೆ ಎನ್ನುವವನ ಪಾಡು ಬೇರೆ. ಅವನು ನಡೆಯುತ್ತಾನೆ, ಕೂರುತ್ತಾನೆ, ಊಟ ಮಾಡುತ್ತಾನೆ. ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ಮನೆಯ ಆಸರೆ ಕಳಚಿಬಿದ್ದಾಗ ಉರ್ದುವಿನಲ್ಲಿ ‘ಕಮರ್ ಟೂಟ್ ಗಯಿ’ ಎನ್ನುತ್ತೇವೆ. ಕಷ್ಟಕ್ಕಾದವರನ್ನು ಕನ್ನಡದಲ್ಲಿ ‘ಬೆನ್ನಿಗೆ ನಿಂತರು’ ಎನ್ನುತ್ತೇವೆ. ಮಾತಿನಲ್ಲಿ ಸೊಂಟಕ್ಕೂ ಬೆನ್ನಿಗೂ ಇಷ್ಟು ಬೆಲೆ ಕೊಡುವ ನಾವೇ, ಮನೆಯಲ್ಲಿ ಯಾರಾದರೂ ಬೆನ್ನುನೋವೆಂದು ಮಲಗಿದರೆ ಎರಡನೆಯ ದಿನಕ್ಕೇ ಅನುಮಾನದಿಂದ ನೋಡತೊಡಗುತ್ತೇವೆ. ಈ ಅನುಮಾನವೇ ಒಂದು ಸರಕಾರದ ಕಾನೂನಾದರೆ ಏನಾಗುತ್ತದೆಂದು ತಿಳಿಯಲು ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಇತಿಹಾಸವನ್ನು ನೋಡಬೇಕು.

ಅಲ್ಲಿನ ಅಂತರ್ಯುದ್ಧ ನಡೆಯುತ್ತಿದ್ದಾಗಲೇ, 1862ರಲ್ಲಿ, ಪಿಂಚಣಿ ಕಾನೂನು ಬಂತು. ಸಂಪೂರ್ಣ ಅಶಕ್ತನಾದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್. ಸರಕಾರ ನೇಮಿಸಿದ ವೈದ್ಯರು ಪರೀಕ್ಷಿಸಿ ವರದಿ ಕೊಡಬೇಕು. ಗುಂಡೇಟಾದರೆ ವೈದ್ಯರ ಕಣ್ಣಿಗೆ ಕಾಣುತ್ತಿತ್ತು. ಸಂಧಿವಾತ, ಸೊಂಟನೋವುಗಳಲ್ಲಿ ಸೈನಿಕನ ಬಾಯಿಮಾತನ್ನೇ ನಂಬಬೇಕಾಗುತ್ತಿತ್ತು. ಯಾರ ಬಾಯಿಮಾತು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ. ಉತ್ತರದ ಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರಿದ್ದರು. ಅವರಲ್ಲಿ ಬಹಳ ಮಂದಿ ನಿನ್ನೆಯವರೆಗೆ ಗುಲಾಮರಾಗಿದ್ದವರು. ಜನನ ದಾಖಲೆಯಿಲ್ಲ, ವೈದ್ಯರ ಚೀಟಿಯಿಲ್ಲ. ಬಿಳಿಯರಿಗಿಂತ ಅವರ ಅರ್ಜಿಗಳೇ ಹೆಚ್ಚಾಗಿ ತಿರಸ್ಕೃತವಾದವು ಎಂದು ಆ ಕಡತಗಳನ್ನು ಅಭ್ಯಸಿಸಿದ ಇತಿಹಾಸಕಾರರು ತೋರಿಸಿದ್ದಾರೆ. ನೋವು ಕಾಣದಿದ್ದಾಗ ವೈದ್ಯ ನೋಡುವುದು ನೋಯುವವನ ಮುಖವನ್ನು, ಅದರ ಬಣ್ಣವನ್ನು.

1864ರ ಇನ್ನೊಂದು ನಿಯಮವನ್ನೂ ಹೇಳಬೇಕು. ದಲ್ಲಾಳಿಗಳು ಸೈನಿಕರನ್ನು ಸುಲಿಯಬಾರದೆಂದು ವಕೀಲರ ಶುಲ್ಕವನ್ನು 10 ಡಾಲರಿಗೆ ಮಿತಿಗೊಳಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆ 10 ಡಾಲರ್ ನೂರಿಪ್ಪತ್ತು ವರ್ಷ ಕಳೆದರೂ 10 ಡಾಲರಾಗಿಯೇ ಉಳಿಯಿತು. 1985ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನು ಎತ್ತಿಹಿಡಿಯಿತು. ಒಂದು ಊಟದ ಖರ್ಚಿಗೆ ಯಾವ ವಕೀಲ ಬಂದಾನು?

1933 ಆರ್ಥಿಕ ಕುಸಿತದ ಕಾಲ. ಆ ವರ್ಷದ ಮಾರ್ಚ್‌ನಲ್ಲಿ ಬಂದ ಮಿತವ್ಯಯ ಕಾನೂನು ಪಿಂಚಣಿಗಳನ್ನು ಕಡಿತಗೊಳಿಸಿ, ಆ ತೀರ್ಮಾನಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿಯನ್ನೂ ಮುಚ್ಚಿತು. ಜುಲೈಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಆಜ್ಞೆಯ ಮೂಲಕ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯನ್ನು ಸ್ಥಾಪಿಸಿದರು. ಪಿಂಚಣಿ ನಿರಾಕರಿಸಿದ ಇಲಾಖೆಯೊಳಗೇ ಮೇಲ್ಮನವಿ, ಅಲ್ಲಿ ಹೇಳಿದ್ದೇ ಕೊನೆಯ ಮಾತು. ಈ ವ್ಯವಸ್ಥೆ 55 ವರ್ಷ ನಡೆಯಿತು. ವಿಚಿತ್ರವೆಂದರೆ, ಬೆನ್ನೆಲುಬಿನ ನಡುವಣ ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಕಾಲಿನವರೆಗೆ ನೋವು ಹರಿಯುತ್ತದೆ ಎಂದು ಬೋಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿದ್ದು ಮರುವರ್ಷ, 1934ರಲ್ಲಿ. ನೋವಿನ ಕಾರಣ ವೈದ್ಯಲೋಕಕ್ಕೆ ಸ್ಪಷ್ಟವಾಗುವ ಹೊತ್ತಿಗೆ ನ್ಯಾಯಾಲಯದ ಬಾಗಿಲು ಮುಚ್ಚಿಯಾಗಿತ್ತು.

ಬೆನ್ನಿನ ಗುಣವೊಂದಿದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಬಿದ್ದ ಪೆಟ್ಟು ಐವತ್ತರಲ್ಲಿ ಎದ್ದು ಕೂರುತ್ತದೆ. ಆಗ ಇಲಾಖೆ ಕೇಳುವುದು ಸೇನೆಯ ಹಳೆಯ ಕಡತವನ್ನು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾದವು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಶೇಕಡಾ 80ರಷ್ಟು ಹೋಯಿತು. ಪ್ರತಿಗಳಿರಲಿಲ್ಲ. ಎರಡು ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ಹೊರೆ ಹೊತ್ತವರಲ್ಲಿ ಎಷ್ಟೋ ಜನರಿಗೆ, ತಾವು ಬಿದ್ದ ದಿನ ಸೇನಾ ವೈದ್ಯ ಬರೆದಿಟ್ಟ ಸಾಲು ಇಲ್ಲವಾಯಿತು. ಬೆಂಕಿ ಸರಕಾರದ ಕಟ್ಟಡದಲ್ಲಿ, ಸಾಕ್ಷಿ ಒದಗಿಸುವ ಹೊಣೆ ಮುದುಕನ ಮೇಲೆ!

1988ರಲ್ಲಿ ಕಾನೂನು ಬದಲಾಯಿತು. ಪ್ರತ್ಯೇಕ ನ್ಯಾಯಾಲಯ ಬಂತು, 10 ಡಾಲರಿನ ಮಿತಿಯೂ ಸಡಿಲವಾಯಿತು. ಈ ಹೊಸ ನ್ಯಾಯಾಲಯ 1990ರಲ್ಲಿ ಕೊಟ್ಟ, ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುವ ತೀರ್ಪು ಎರಡನೇ ಮಹಾಯುದ್ಧದ ಸೈನಿಕನೊಬ್ಬನ ಬೆನ್ನಿಗೆ ಸಂಬಂಧಿಸಿದ್ದೇ ಆಗಿತ್ತು. ಪರ ಮತ್ತು ವಿರೋಧದ ಸಾಕ್ಷಿಗಳು ಸಮತೂಕವಾಗಿದ್ದರೆ ಸಂಶಯದ ಲಾಭ ಸೈನಿಕನಿಗೇ ಸೇರಬೇಕು ಎಂದ ನ್ಯಾಯಾಧೀಶರು ಹುಡುಗರ ಬೇಸ್‌ಬಾಲ್ ಆಟದ ನಿಯಮವನ್ನು ನೆನಪಿಸಿದರು. ನಮ್ಮ ಓಣಿಯ ಹುಡುಗರು ಸಂಶಯ ಬಂದಾಗ ಬ್ಯಾಟ್ಸ್‌ಮನ್ನನ್ನು ಉಳಿಸುವ ಹಾಗೆ. ಆದರೆ ಆ ಸೈನಿಕನಿಗೆ ಅಂದೇ ಪಿಂಚಣಿ ಸಿಗಲಿಲ್ಲ. ಮಂಡಳಿ ತನ್ನ ನಿರಾಕರಣೆಗೆ ಸರಿಯಾದ ಕಾರಣ ಬರೆದಿಲ್ಲವೆಂದು ಪ್ರಕರಣ ಮತ್ತೆ ಮಂಡಳಿಗೇ ಹೋಯಿತು.

ಸಾಕ್ಷಿ ಒಪ್ಪಿತವಾದರೂ ಅಳತೆಯ ಜಗಳ ತೀರುವುದಿಲ್ಲ. 2003ರಿಂದ ಜಾರಿಯಲ್ಲಿರುವ ಸೂತ್ರದಲ್ಲಿ ಬೆನ್ನನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಸರಿಯಾದ ಬೆನ್ನು ಮುಂದಕ್ಕೆ 90 ಡಿಗ್ರಿ ಬಾಗಬೇಕು. 30 ಡಿಗ್ರಿಗೇ ನಿಂತುಬಿಟ್ಟರೆ ಶೇಕಡಾ 40ರ ವೈಕಲ್ಯ. ಮೂವತ್ತನ್ನು ದಾಟಿತೋ, ಶೇಕಡಾ 20. ದೊರೆಯುವ ಹಣ ಅರ್ಧಕ್ಕಿಂತಲೂ ಕಡಿಮೆ. ಪರೀಕ್ಷೆಯ ಬೆಳಿಗ್ಗೆ ನೋವು ಸ್ವಲ್ಪ ತಗ್ಗಿದ್ದರೆ ಅದೇ ಅವನ ದುರದೃಷ್ಟ. ನೋವು ಕೆರಳಿದ ದಿನಗಳಲ್ಲಿ ಎಷ್ಟು ಬಾಗಬಲ್ಲ ಎಂಬುದನ್ನೂ ವೈದ್ಯರು ಪರಿಗಣಿಸಬೇಕೆಂದು ನ್ಯಾಯಾಲಯ 1995ರಲ್ಲೇ ಹೇಳಬೇಕಾಗಿ ಬಂದಿತ್ತು.

ನೋವೇ ಒಂದು ವೈಕಲ್ಯವೇ? ಕುತ್ತಿಗೆ ನೋವಿನ ಪ್ರಕರಣವೊಂದರಲ್ಲಿ, 1999ರಲ್ಲಿ, ಅದೇ ನ್ಯಾಯಾಲಯ ಅಲ್ಲ ಎಂದಿತ್ತು. ವೈದ್ಯರು ರೋಗವೊಂದನ್ನು ಹೆಸರಿಸದಿದ್ದರೆ ಬರೀ ನೋವಿಗೆ ಪಿಂಚಣಿಯಿಲ್ಲ. ಇದು ಬದಲಾಗಲು ಹತ್ತೊಂಬತ್ತು ವರ್ಷ ಬೇಕಾಯಿತು. 2018ರಲ್ಲಿ, ಮಂಡಿನೋವಿನಿಂದ ಬಳಲುತ್ತಿದ್ದ ಮಾಜಿ ಮಹಿಳಾ ಯೋಧರೊಬ್ಬರ ಮೇಲ್ಮನವಿಯಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು, ದೇಹ ದುಡಿಯುವ ಶಕ್ತಿಯನ್ನು ಕುಗ್ಗಿಸುವ ನೋವು ರೋಗದ ಹೆಸರಿಲ್ಲದಿದ್ದರೂ ವೈಕಲ್ಯವೇ ಎಂದಿತು. ಮಂಡಿಯ ತೀರ್ಪು ಬೆನ್ನಿಗೂ ಕುತ್ತಿಗೆಗೂ ದಾರಿ ತೆರೆಯಿತು.

ಡಿಸ್ಕ್ ಜಾರಿದವರಿಗೆ 2002ರಲ್ಲಿ ಇನ್ನೊಂದು ಅಳತೆಯೂ ಬಂದಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಒಟ್ಟು ಆರು ವಾರ ಹಾಸಿಗೆ ಹಿಡಿದಿದ್ದರೆ ಶೇಕಡಾ 60. ಷರತ್ತು ಒಂದೇ: ಮಲಗಿರಬೇಕೆಂದು ವೈದ್ಯರು ಸೂಚಿಸಿರಬೇಕು. ಆದರೆ ಬೆನ್ನುನೋವಿಗೆ ವಾರಗಟ್ಟಲೆ ಮಲಗುವುದರಿಂದ ಲಾಭವಿಲ್ಲ ಎಂದು 1986ರಲ್ಲೇ ಅಮೆರಿಕದ ವೈದ್ಯಕೀಯ ಅಧ್ಯಯನ ತೋರಿಸಿತ್ತು. ಅಂದಿನಿಂದ ವೈದ್ಯರು ‘ಎದ್ದು ನಡೆಯಿರಿ’ ಎನ್ನುತ್ತಾ ಬಂದಿದ್ದಾರೆ. 2021ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿದಾಗಲೂ ಈ ಷರತ್ತು ಉಳಿಯಿತು. ನೋವು ತಾಳಲಾರದೆ ಮನೆಯಲ್ಲಿ ತಾನಾಗಿಯೇ ಮಲಗಿದವನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ.