ಸೋಲುವ ಆನೆಯಾಟವನ್ನು ಉಳಿಸಿಕೊಂಡ ಬಗೆ

ಚದುರಂಗದಲ್ಲಿ ಆನೆ ಮೂಲೆ ಹಿಡಿದು ಕೂತಿರುವ ಕಾಯಿ. ಕುದುರೆ, ಒಂಟೆ, ಮಂತ್ರಿಗಳು ಮೊದಲೇ ಹೊರಬಿದ್ದು ಹೊಡೆದಾಡಿ ಖಾಲಿಯಾದ ಮೇಲೆ ಅದಕ್ಕೆ ದಾರಿ ತೆರೆಯುತ್ತದೆ. ಹಾಗಾಗಿ ಕೊನೆಯವರೆಗೂ ಸಾಗಿದ ಟೂರ್ನಿ ಆಟಗಳಲ್ಲಿ ಎರಡೂ ಕಡೆ ಒಂದೊಂದು ಆನೆ, ಕೆಲವು ಕಾಲಾಳುಗಳು ಉಳಿಯುವುದು ತೀರ ಸಾಮಾನ್ಯ. 'ಆನೆಯ ಎಂಡ್‌ಗೇಮ್‌ಗಳೆಲ್ಲ ಡ್ರಾ' ಎಂಬ ಚಟಾಕಿಯನ್ನು ಕೆಲವರು ಟಾರಾಷ್‌ಗೆ, ಕೆಲವರು ಟಾರ್ಟಕೋವರ್‌ಗೆ ಅಂಟಿಸುತ್ತಾರೆ. ಒಂದು ಕಾಲಾಳು ಕಳೆದುಕೊಂಡು ಆನೆಯೊಂದಿಗೆ ಕೂತವನಿಗೆ ಅದು ಸಮಾಧಾನದ ಮಾತೇನಲ್ಲ. ಆ ಡ್ರಾವನ್ನು ಅವನು ದುಡಿದೇ ಗಳಿಸಬೇಕು. ಹೇಗೆ ಗಳಿಸಬೇಕೆಂಬ ತಿಳಿವಳಿಕೆ ಬೆಳೆಯಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿದೆ.

ಮೊದಲು ದಾಖಲಾದದ್ದು ಗೆಲ್ಲುವವನ ಉಪಾಯ. ಕಾಲಾಳು ಏಳನೆಯ ಅಡ್ಡಸಾಲಿಗೆ ಬಂದು, ಅದರ ಮುಂದೆ ತನ್ನದೇ ರಾಜ ನಿಂತಿದ್ದರೆ, ಆನೆಯನ್ನು ನಾಲ್ಕನೆಯ ಅಡ್ಡಸಾಲಿಗೆ ತಂದು ರಾಜನಿಗೆ ಚೆಕ್‌ಗಳಿಂದ ಮರೆ ಕಟ್ಟುವ ವಿಧಾನ ಇದು. ಲೂಸೆನಾ ಸ್ಥಿತಿ ಎಂದು ಹೆಸರು ಪಡೆದಿದ್ದರೂ ಲೂಸೆನಾನ 1497ರ ಪುಸ್ತಕದಲ್ಲಿ ಇದಿಲ್ಲ; ಇದು ಕಾಣಿಸುವುದು 1634ರಲ್ಲಿ ಬಂದ ಇಟಲಿಯ ಸಾಲ್ವಿಯೋನ ಕೃತಿಯಲ್ಲಿ. ರಕ್ಷಕನ ಪರವಾಗಿ ಉತ್ತರ ಬರಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಫ್ರಾನ್ಸಿನ ಫಿಲಿಡೋರ್ ತನ್ನ ಗ್ರಂಥದ 1777ರ ಆವೃತ್ತಿಯಲ್ಲಿ ಅದನ್ನು ಕೊಟ್ಟ. ರಕ್ಷಕನ ರಾಜ ಕಾಲಾಳಿನ ಎದುರಿಗಿರಬೇಕು. ಆನೆ ತನ್ನ ಕಡೆಯಿಂದ ಮೂರನೆಯ ಅಡ್ಡಸಾಲಿನಲ್ಲಿ ನಿಂತು ಎದುರಾಳಿ ರಾಜನನ್ನು ಒಳಗೆ ಬಿಡಬಾರದು. ಎದುರಾಳಿ ಬೇರೆ ದಾರಿ ಕಾಣದೆ ಕಾಲಾಳನ್ನು ಆ ಸಾಲಿಗೆ ನೂಕಿದ ಕೂಡಲೇ ಆನೆ ಹಲಗೆಯ ಆಚೆ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡತೊಡಗಬೇಕು. ಮುಂದೆ ಸರಿದ ಕಾಲಾಳು ಇನ್ನು ತನ್ನ ರಾಜನಿಗೆ ಮರೆಯಾಗಲಾರದು. ಸುಮ್ಮನೆ ಕಾಯುವ ಹೊತ್ತು ಯಾವುದು, ಓಡಾಡುವ ಹೊತ್ತು ಯಾವುದು ಎಂಬ ಲೆಕ್ಕ ಈ ಒಂದೇ ಸ್ಥಿತಿಯಲ್ಲಿ ಸ್ಪಷ್ಟವಾಯಿತು.

ಆದರೆ ಫಿಲಿಡೋರನ ಸಾಲು ಯಾವಾಗಲೂ ಕೈಗೆ ಸಿಗುವುದಿಲ್ಲ. ಸಿಗದಿದ್ದಾಗ ಮಾಡಬೇಕಾದದ್ದನ್ನು ಮುಂದಿನ ವಿಶ್ಲೇಷಕರು ಹುಡುಕಿದರು. ರಾಜನನ್ನು ಕಾಲಾಳಿನ ಗಿಡ್ಡ ಬದಿಗೆ ಸರಿಸಿ, ಉದ್ದ ಬದಿಯನ್ನು ಆನೆಗೆ ಬಿಟ್ಟುಕೊಡುವುದು ಒಂದು ದಾರಿ. ಆನೆಗೂ ಕಾಲಾಳಿಗೂ ನಡುವೆ ಮೂರು ಉದ್ದಸಾಲುಗಳ ಅಂತರವಿದ್ದರೆ ಪಕ್ಕದಿಂದ ಕೊಡುವ ಚೆಕ್‌ಗಳನ್ನು ಎದುರಾಳಿ ರಾಜ ತಪ್ಪಿಸಿಕೊಳ್ಳಲಾರ. ಅಂತರ ಕಡಿಮೆಯಾದರೆ ಆನೆಯ ಮೇಲೇ ಏರಿ ಬರುತ್ತಾನೆ. ಹಲಗೆಯ ಅಂಚಿನ ಕಾಲಾಳಿನ ವಿಷಯದಲ್ಲಿ ಚೆಕ್ ದೇಶದ ವಿಶ್ಲೇಷಕ ಯೋಸೆಫ್ ವಾನ್ಚುರಾ ಇನ್ನೊಂದು ದಾರಿ ಕಂಡ. ಎದುರಾಳಿಯ ಆನೆ ತನ್ನ ಕಾಲಾಳಿನ ಮುಂದೆಯೇ ಸಿಕ್ಕಿಬಿದ್ದಿದ್ದರೆ, ರಕ್ಷಕನ ಆನೆ ಪಕ್ಕದಿಂದ ಆ ಕಾಲಾಳನ್ನು ಗುರಿಯಿಟ್ಟು ನಿಲ್ಲಬೇಕು. ಅದನ್ನು ಕಾಯಲು ರಾಜ ಹತ್ತಿರ ಬಂದಾಗಲೆಲ್ಲ ಪಕ್ಕದಿಂದಲೇ ಚೆಕ್ ಕೊಟ್ಟು ಓಡಿಸಬೇಕು. ವಾನ್ಚುರಾ 1921ರಲ್ಲಿ 23ರ ಹರೆಯದಲ್ಲೇ ತೀರಿಕೊಂಡ. ಈ ರಚನೆ ಅಚ್ಚಾದದ್ದು 1924ರಲ್ಲಿ.

ಪುಸ್ತಕದ ಈ ಸ್ಥಿತಿಗಳನ್ನು ಟೂರ್ನಿಯ ಮೇಜಿಗೆ ಜೋಡಿಸಿದ್ದು ಇಪ್ಪತ್ತನೆಯ ಶತಮಾನದ ಆಟಗಾರರು. ಓಡುವ ಕಾಲಾಳು ತನ್ನದಿರಲಿ, ಎದುರಾಳಿಯದಿರಲಿ, ಆನೆ ಅದರ ಹಿಂದೆ ಇರಬೇಕು ಎಂದು ಟಾರಾಷ್ ಬೋಧಿಸಿದ. 1927ರ ವಿಶ್ವ ಚಾಂಪಿಯನ್‌ಷಿಪ್‌ನ 34ನೆಯ ಆಟದಲ್ಲಿ ಅಲೆಖಿನ್‌ನ ಆನೆ ಅಂಚಿನ ಕಾಲಾಳಿನ ಹಿಂದೆ ಇತ್ತು. ಕಾಪಾಬ್ಲಾಂಕಾನ ಆನೆ ಅದನ್ನು ಮುಂದಿನಿಂದ ತಡೆಯುತ್ತ ಕದಲಲಾರದೆ ನಿಂತಿತ್ತು. ಆಟ 82 ನಡೆಗಳಲ್ಲಿ ಮುಗಿದು ಪಟ್ಟ ಕೈಬದಲಾಯಿತು. ಅದಕ್ಕೆ ಮೂರು ವರ್ಷ ಮೊದಲು, ನ್ಯೂಯಾರ್ಕಿನಲ್ಲಿ, ಇದೇ ಕಾಪಾಬ್ಲಾಂಕಾ ಟಾರ್ಟಕೋವರ್ ಎದುರು ಕಾಲಾಳುಗಳನ್ನು ಬಿಟ್ಟುಕೊಟ್ಟು ರಾಜನನ್ನು ಮುಂದೆ ನಡೆಸಿ ಗೆದ್ದಿದ್ದ. ಎರಡೂ ಆಟಗಳ ಪಾಠ ಒಂದೇ: ಆನೆಯಾಟದಲ್ಲಿ ಕಾಲಾಳಿನ ಎಣಿಕೆಗಿಂತ ಆನೆ ಮತ್ತು ರಾಜನ ಚಲನೆಗೆ ಬೆಲೆ ಹೆಚ್ಚು. ಸೋಲುವ ಭಯದಲ್ಲಿ ಇರುವ ಕಾಲಾಳನ್ನೇ ಅಪ್ಪಿಕೊಂಡು ಕೂರುವುದು ರಕ್ಷಕ ಮಾಡುವ ದೊಡ್ಡ ತಪ್ಪು.

ಸೋವಿಯತ್ ಪಂಥ ಇದನ್ನೆಲ್ಲ ಶಾಸ್ತ್ರವಾಗಿ ಕಟ್ಟಿತು. ಎರಡು ಕಾಲಾಳು ಹೆಚ್ಚಿದ್ದರೂ ಅವು 'ಎಫ್' ಮತ್ತು 'ಎಚ್' ಸಾಲಿನವಾದರೆ ಡ್ರಾ ಸಾಧ್ಯ ಎಂಬುದನ್ನು 1947ರಲ್ಲಿ ಮಾಸ್ಕೋದಲ್ಲಿ ಗ್ಲಿಗೊರಿಚ್ ಎದುರು ಸ್ಮಿಸ್ಲೊವ್ ಆಡಿಯೇ ತೋರಿಸಿದ. ಲೆವೆನ್‌ಫಿಷ್ ಜೊತೆಗೂಡಿ ಅವನು ಬರೆದ ಆನೆಯ ಎಂಡ್‌ಗೇಮ್‌ಗಳ ಗ್ರಂಥ 1957ರಲ್ಲಿ ಹೊರಬಂತು. ಅವನು ವಿಶ್ವ ಚಾಂಪಿಯನ್ ಆದದ್ದೂ ಅದೇ ವರ್ಷ. ಆಗಿನ್ನೂ ಆಟ ಮುಂದೂಡುವ ಪದ್ಧತಿ ಇತ್ತು. ಕಷ್ಟದ ಎಂಡ್‌ಗೇಮ್ ಬಂದರೆ ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ರಾತ್ರಿಯಿಡೀ ಸಂಗಡಿಗರೊಂದಿಗೆ ಕೂತು ವಿಶ್ಲೇಷಿಸಬಹುದಿತ್ತು.

1990ರ ದಶಕದಲ್ಲಿ ಆ ಪದ್ಧತಿ ಮರೆಯಾಯಿತು. ಕಂಪ್ಯೂಟರ್ ಬಂದ ಮೇಲೆ ಮುಂದೂಡಿದ ಆಟಕ್ಕೆ ಅರ್ಥ ಉಳಿಯಲಿಲ್ಲ. ಪ್ರತಿ ನಡೆಗೆ ಕೆಲವು ಸೆಕೆಂಡು ಕೂಡಿಸುವ, ಫಿಷರ್ ರೂಪಿಸಿದ ಗಡಿಯಾರ ಬಳಕೆಗೆ ಬಂತು. ಇತ್ತ ಜ್ಞಾನ ಪೂರ್ಣವಾಗುತ್ತ ಹೋಯಿತು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಮೇಲೆ ಏಳು ಕಾಯಿಗಳವರೆಗಿನ ಎಲ್ಲ ಎಂಡ್‌ಗೇಮ್‌ಗಳ ಉತ್ತರ ಸಿದ್ಧವಾಯಿತು. ಅದರ ಗಾತ್ರ ಸುಮಾರು 140 ಟೆರಾಬೈಟ್. ಎರಡು ರಾಜ, ಎರಡು ಆನೆ, ಮೂರು ಕಾಲಾಳಿನ ಆಟದಲ್ಲಿ ಗುಟ್ಟು ಉಳಿಯಲಿಲ್ಲ. ಮೇಜಿನ ಮುಂದೆ ಕೂತವನಿಗೆ ಮಾತ್ರ ಉಳಿದಿರುವುದು ಒಂದು ನಡೆಗೆ ಅರ್ಧ ನಿಮಿಷ.

ಈ ಅಂತರ ಎಷ್ಟು ಎಂಬುದನ್ನು ತಮಿಳುನಾಡೇ ಕಣ್ಣಾರೆ ಕಂಡಿತು. 2013ರ ನವೆಂಬರಿನಲ್ಲಿ ಚೆನ್ನೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ನಾಲ್ಕು ಆಟ ಡ್ರಾ ಆಗಿದ್ದವು. ಐದನೆಯದರಲ್ಲಿ ವಿಶ್ವನಾಥನ್ ಆನಂದ್ 45ನೆಯ ನಡೆಯಲ್ಲಿ ಒಂದು ಚೆಕ್ ಕೊಟ್ಟರು. ಅದರ ಬದಲು ಆನೆಯನ್ನು ಎ1 ಚೌಕಕ್ಕೆ ತಂದಿದ್ದರೆ ಆಟ ಉಳಿಯುತ್ತಿತ್ತು ಎಂದು ವಿಶ್ಲೇಷಕರು ತೋರಿಸಿದರು. ಮಾರನೆಯ ದಿನ ಮತ್ತೆ ಆನೆಯ ಎಂಡ್‌ಗೇಮ್. 60ನೆಯ ನಡೆಯಲ್ಲಿ 'ಬಿ' ಸಾಲಿನ ಕಾಲಾಳನ್ನು ಓಡಿಸಿ ಎದುರು ಬೆದರಿಕೆ ಹುಟ್ಟಿಸಿದ್ದರೆ ಡ್ರಾ ಆಗುತ್ತಿತ್ತು. ಆನಂದ್ ಆನೆಯನ್ನು ಸರಿಸಿದರು, 67 ನಡೆಗೆ ಆಟ ಮುಗಿಯಿತು. ಮ್ಯಾಗ್ನಸ್ ಕಾರ್ಲ್‌ಸನ್ 6½–3½ರಿಂದ ಪಟ್ಟ ಗೆದ್ದರು. ವಿದ್ಯೆಯ ಕೊರತೆಯಿಂದ ಆನಂದ್ ಸೋತರೆನ್ನಲು ಯಾರಿಗೂ ಬಾಯಿ ಬಾರದು. ಗಂಟೆಗಟ್ಟಲೆ ಒತ್ತಡ ಸಹಿಸಿದ ಮೇಲೆ, ಕಾಯುವ ಹೊತ್ತು ಮುಗಿದು ಓಡುವ ಹೊತ್ತು ಬಂದಿದೆ ಎಂದು ಗುರುತಿಸುವುದು ಅಷ್ಟು ಕಷ್ಟ. 2024ರ ಡಿಸೆಂಬರ್ 12ರಂದು ಸಿಂಗಪುರದ ಕೊನೆಯ ಆಟದಲ್ಲಿ ಡಿಂಗ್ ಲಿರೆನ್‌ಗೂ ಇದೇ ಆಯಿತು. ಆನೆ, ಒಂಟೆಗಳಿದ್ದ, ಒಂದು ಕಾಲಾಳು ಕಡಿಮೆಯ ಸ್ಥಿತಿಯನ್ನು ಅವರು ಸಲೀಸಾಗಿ ಕಾಯುತ್ತಿದ್ದರು. 55ನೆಯ ನಡೆಯಲ್ಲಿ ಆನೆ ವಿನಿಮಯಕ್ಕೆ ದಾರಿ ಕೊಟ್ಟರು. ಮೂಲೆಯಲ್ಲಿದ್ದ ಒಂಟೆಯೂ ವಿನಿಮಯವಾಗುವುದು ಅನಿವಾರ್ಯವಾಗಿ ಚೆನ್ನೈನ ಗುಕೇಶ್ ವಿಶ್ವ ಚಾಂಪಿಯನ್ ಆದರು.

ಈ ವಿದ್ಯೆ ತಮಿಳುನಾಡಿನಲ್ಲಿ ಹಬ್ಬಿದ ದಾರಿಯೂ ಗಮನಾರ್ಹ. ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯೆಲ್ ಆರನ್ 1972ರಲ್ಲಿ ಚೆನ್ನೈಯ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ಕಟ್ಟಿದರು. ಬಾಲಕ ಆನಂದ್ ಅಲ್ಲಿ ಪಳಗಿದರು. ನಲವತ್ತು ವರ್ಷಗಳ ನಂತರ ರಾಜ್ಯ ಸರ್ಕಾರ 7ರಿಂದ 17 ವಯಸ್ಸಿನ ಶಾಲಾಮಕ್ಕಳಿಗೆ ಚದುರಂಗವನ್ನು ತಲುಪಿಸುವ ಯೋಜನೆ ತಂದಿತು. ತೇನಿ, ದಿಂಡಿಗಲ್‌ನಂಥ ಒಳನಾಡಿನ ಜಿಲ್ಲೆಗಳೂ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುವ ಕಂಬಂ ಕಣಿವೆಯ ಕಪ್ಪಿಲಿಯರ ಮಕ್ಕಳೂ ಅದರ ವ್ಯಾಪ್ತಿಗೆ ಬಂದರು.

ಹೀಗೆ ಆಟ ಕಲಿತ ಮಗುವಿಗೆ ಫಿಲಿಡೋರ್, ವಾನ್ಚುರಾ ಸ್ಥಿತಿಗಳನ್ನು ಮೊಬೈಲಿನಲ್ಲಿ ತೋರಿಸಲು ಒಂದು ಸಂಜೆ ಸಾಕು. ಅವುಗಳತ್ತ ಆಟವನ್ನು ತಿರುಗಿಸಿಕೊಳ್ಳುವುದು ಬೇರೆಯೇ ಕಸುಬು. ಒಂದು ಕಾಲಾಳು ಕಡಿಮೆಯಿರುವ ಸ್ಥಿತಿಯನ್ನು ಮುಂದಿಟ್ಟು, ಗಡಿಯಾರವನ್ನು 30 ಸೆಕೆಂಡಿಗೆ ಹೊಂದಿಸಿ, ಗೆಲ್ಲುವ ಬದಿಯನ್ನು ತಾನೇ ಹಿಡಿದು ಕಡೆಯತನಕ ಆಡುವ ಗುರು ಮಗುವಿಗೆ ಬೇಕು. ಯಾವ ಕಾಲಾಳನ್ನು ಬಿಡಬೇಕು, ಆನೆ ಯಾವಾಗ ಕಾವಲು ಬಿಟ್ಟು ಓಡಬೇಕು ಎಂಬ ಪ್ರಶ್ನೆಗಳಿಗೆ ಅರ್ಧ ನಿಮಿಷದಲ್ಲಿ ಉತ್ತರಿಸುವ ಅಭ್ಯಾಸ ಹಾಗೆ ಆಡಿಯೇ ಬರಬೇಕು. 140 ಟೆರಾಬೈಟ್ ಉತ್ತರಗಳನ್ನು ಓದಿದರೆ ಬರುವಂಥದ್ದಲ್ಲ.