ಒಂದೊಂದೇ ಹಾಳೆ: ಮುದ್ರಣಯಂತ್ರಕ್ಕೆ ಕಾಗದ ಉಣಿಸುವ ವಿಧಾನಗಳ ಬೆಳವಣಿಗೆ ಮತ್ತು ಉತ್ತರ ಕನ್ನಡದ ಕರಾವಳಿ

ಮುದ್ರಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಚ್ಚಿನ ಮೊಳೆ, ಮಸಿ ಮತ್ತು ಒತ್ತುವ ಬಗೆ ಈ ಮೂರನ್ನೇ ಆಧಾರವಾಗಿಟ್ಟುಕೊಂಡು ಕಾಲಘಟ್ಟಗಳನ್ನು ಗುರುತಿಸಿದ್ದಾರೆ. ಆದರೆ ಯಂತ್ರವೊಂದು ಗಂಟೆಗೆ ಎಷ್ಟು ಪ್ರತಿ ಕೊಡಬಲ್ಲದು ಎಂಬುದನ್ನು ಎರಡು ಶತಮಾನಗಳ ಕಾಲ ನಿರ್ಧರಿಸುತ್ತ ಬಂದದ್ದು ಇವುಗಳಿಗಿಂತ ಹೆಚ್ಚಾಗಿ, ಕಾಗದದ ಅಟ್ಟಿಯಿಂದ ಮೇಲಿನ ಒಂದು ಹಾಳೆಯನ್ನು, ಅದರ ಕೆಳಗಿನದು ಜೊತೆಯಲ್ಲಿ ಎದ್ದು ಬರದಂತೆ, ಬಿಡಿಸಿ ಕೊಡುವ ಕೆಲಸ. ಈ ಕೆಲಸದಲ್ಲಿ ಮೂರು ಹಂತಗಳಿವೆ: ಅಟ್ಟಿಯಿಂದ ಹಾಳೆಯನ್ನು ಬೇರ್ಪಡಿಸುವುದು, ಬೇರ್ಪಟ್ಟದ್ದನ್ನು ಯಂತ್ರದ ಬಾಯಿಗೆ ಸಾಗಿಸುವುದು, ಅಲ್ಲಿ ಕೂದಲೆಳೆಯ ಅಂತರವೂ ತಪ್ಪದಂತೆ ನೆಲೆಗೊಳಿಸುವುದು. ಕೊನೆಯ ಎರಡು ಹಂತಗಳು ಯಂತ್ರಶಿಲ್ಪಿಗಳ ಹಿಡಿತಕ್ಕೆ ಬೇಗ ಸಿಕ್ಕವು. ಮೊದಲನೆಯದು ಮಾತ್ರ ಕಾಗದದ ಗುಣಕ್ಕೂ ಗಾಳಿಯ ತೇವಕ್ಕೂ ಕಟ್ಟುಬಿದ್ದಿರುವುದರಿಂದ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ, ಕಡಲು ಮತ್ತು ಘಟ್ಟದ ನಡುವೆ ಇಕ್ಕಟ್ಟಾಗಿ ಹಬ್ಬಿರುವ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಪರಿಸರದಲ್ಲಿಟ್ಟು ನೋಡಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ.

ಭಾರತದ ಮೊದಲ ಮುದ್ರಣಯಂತ್ರ ಇದೇ ಪಡುವಣ ಕಡಲತೀರದ ಗೋವೆಗೆ 1556ರಲ್ಲಿ ಬಂದಿಳಿಯಿತು. ಕನ್ನಡ ಕರಾವಳಿಯಲ್ಲಿ ಮುದ್ರಣ ಬೇರೂರಿದ್ದು 1841ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದಾಗ. ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ಆರಂಭಿಸಿದ, ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ' ಹೊರಬಂದದ್ದು ಈ ಕಲ್ಲಚ್ಚಿನಿಂದಲೇ. ಕಲ್ಲಚ್ಚಾಗಲಿ ಮರದ ಅಥವಾ ಕಬ್ಬಿಣದ ಕೈಯಚ್ಚಾಗಲಿ, ಅಲ್ಲಿ ಹಾಳೆ ಕೊಡುವುದು ಬೇರೆಯೇ ಆದ ಒಂದು ಸಮಸ್ಯೆಯಾಗಿರಲಿಲ್ಲ. ಕೈಯಚ್ಚಿನಲ್ಲಿ ಮುದ್ರಕನು ಹಾಳೆಯನ್ನು ಕೈಯಿಂದ ಎತ್ತಿ, ಮಡಚುವ ಚೌಕಟ್ಟಿನ ಮೇಲೆ ಹಾಸಿ, ಎರಡು ಸೂಜಿಮೊನೆಗಳಿಗೆ ಚುಚ್ಚಿ ನಿಲ್ಲಿಸುತ್ತಿದ್ದ. ಹಿಂಬದಿಯನ್ನು ಅಚ್ಚು ಮಾಡುವಾಗ ಅವೇ ತೂತುಗಳಿಗೆ ಅವೇ ಮೊನೆಗಳು ಹೊಂದುತ್ತಿದ್ದುದರಿಂದ ಎರಡೂ ಪುಟಗಳ ಸಾಲುಗಳು ಬೆನ್ನಿಗೆ ಬೆನ್ನು ಕೂಡುತ್ತಿದ್ದವು. ಇಬ್ಬರು ಆಳು ಗಂಟೆಗೆ ಇನ್ನೂರು, ಇನ್ನೂರೈವತ್ತು ಹಾಳೆ ತೆಗೆದರೆ ಅದೇ ಒಳ್ಳೆಯ ಗತಿ. ಒತ್ತುವುದಕ್ಕೇ ಹೆಚ್ಚು ಹೊತ್ತು ಬೇಕಾಗಿದ್ದಾಗ ಹಾಳೆ ಬಿಡಿಸುವ ಕೈ ಯಾರಿಗೂ ನಿಧಾನವೆನಿಸಲಿಲ್ಲ.

ಆ ಕೈ ನಿಧಾನವೆಂದು ಮೊದಲು ತೋರಿದ್ದು ಲಂಡನ್ನಿನಲ್ಲಿ. ಫ್ರೆಡ್ರಿಕ್ ಕೋನಿಗ್ ನಿರ್ಮಿಸಿದ ಉಗಿಚಾಲಿತ ಉರುಳೆ ಯಂತ್ರದಲ್ಲಿ 1814ರ ನವೆಂಬರ್ 29ರ 'ದಿ ಟೈಮ್ಸ್' ಪತ್ರಿಕೆ ಗಂಟೆಗೆ ಸುಮಾರು 1,100 ಹಾಳೆಗಳ ವೇಗದಲ್ಲಿ ಮುದ್ರಿತವಾಯಿತು. ಉಗಿ ದಣಿಯುವುದಿಲ್ಲ, ಆದರೆ ಅದರ ಮುಂದೆ ನಿಂತು ಹಾಳೆ ಇಡುವವನು ದಣಿಯುತ್ತಾನೆ. ಅಮೆರಿಕದ ರಿಚರ್ಡ್ ಹೋ 1840ರ ದಶಕದಲ್ಲಿ ರೂಪಿಸಿದ ತಿರುಗುವ ಯಂತ್ರಗಳು ಮುಂದೆ ಹತ್ತು ಉರುಳೆಗಳವರೆಗೆ ಬೆಳೆದು ಗಂಟೆಗೆ 20,000 ಪ್ರತಿ ತೆಗೆಯತೊಡಗಿದಾಗ, ಹತ್ತು ಉರುಳೆಗಳಿಗೂ ಒಬ್ಬೊಬ್ಬ ಹಾಳೆ ಕೊಡುವವನು ಮಹಡಿ ಮಹಡಿಯಾಗಿ ನಿಲ್ಲಬೇಕಾಯಿತು. ಅಂದರೆ ಒಬ್ಬನ ಪಾಲಿಗೆ ಗಂಟೆಗೆ ಎರಡು ಸಾವಿರ ಹಾಳೆ. ಅದಕ್ಕಿಂತ ಮುಂದಕ್ಕೆ ಮನುಷ್ಯನ ಕೈ ಹೋಗಲಿಲ್ಲ. ದೊಡ್ಡ ಪತ್ರಿಕೆಗಳು ಈ ಮಿತಿಯನ್ನು ಗೆದ್ದವು ಎನ್ನುವುದಕ್ಕಿಂತ ಅದನ್ನು ಬಳಸಿ ದಾಟಿದವು ಎನ್ನುವುದೇ ಸರಿ. 1860ರ ದಶಕದಲ್ಲಿ ವಿಲಿಯಂ ಬುಲಕ್ ಕಾಗದವನ್ನು ಸುರುಳಿಯಾಗಿಯೇ ಯಂತ್ರಕ್ಕೆ ಹಾಯಿಸಿ, ಹಾಳೆಗಳಾಗಿ ಕತ್ತರಿಸುವ ಕೆಲಸವನ್ನೂ ಯಂತ್ರಕ್ಕೇ ವಹಿಸಿದನು. ದಿನಪತ್ರಿಕೆಗಳು ಇಂದಿಗೂ ನಡೆಯುತ್ತಿರುವುದು ಅದೇ ದಾರಿಯಲ್ಲಿ. ಬಿಡಿ ಹಾಳೆಯ ಸಮಸ್ಯೆ ಸಣ್ಣ ಮುದ್ರಣಾಲಯಗಳ ಪಾಲಿಗೆ ಉಳಿಯಿತು.

ಉತ್ತರ ಕನ್ನಡದ ತಾಲ್ಲೂಕು ಕೇಂದ್ರಗಳದ್ದು ಇಂಥ ಸಣ್ಣ ಮುದ್ರಣಾಲಯಗಳ ಚರಿತ್ರೆ. ಕೆನರಾ ಜಿಲ್ಲೆ ಒಡೆದು, 1862ರಲ್ಲಿ ಅದರ ಉತ್ತರಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ, ಮಂಗಳೂರಿನ ಮುದ್ರಣ ಸಂಸ್ಕೃತಿ ಮದರಾಸು ಪ್ರಾಂತ್ಯದ ಗಡಿಯೊಳಗೇ ಉಳಿದು, ಕುಮಟಾ ಹೊನ್ನಾವರಗಳವರು ಆಡಳಿತಕ್ಕೂ ವ್ಯಾಪಾರಕ್ಕೂ ಮುಂಬಯಿ, ಧಾರವಾಡಗಳ ಕಡೆಗೆ ನೋಡಬೇಕಾಯಿತು. ಈ ಊರುಗಳಲ್ಲಿ ಅಚ್ಚಿನ ಕೆಲಸವೆಂದರೆ ಗ್ರಂಥಗಳಿಗಿಂತ ಹೆಚ್ಚಾಗಿ ಸೊಸೈಟಿಯ ರಸೀದಿ ಪುಸ್ತಕ, ಅಡಕೆ ವಖಾರಿಯ ಬಿಲ್ಲು, ಮದುವೆಯ ಮಮತೆಯ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ವಾರಪತ್ರಿಕೆ, ಆಟದ ಕರಪತ್ರ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಯಕ್ಷಗಾನ ಮಂಡಳಿಗಳು ತಿರುಗಾಟ ನಡೆಸಿದ ನಾಡಿನಲ್ಲಿ, ಬಣ್ಣದ ತೆಳು ಕಾಗದದ ಕರಪತ್ರ ಅಚ್ಚುಕೂಟಗಳ ಒಂದು ಮುಖ್ಯ ಸರಕಾಗಿತ್ತು. ಯಾವ ಯಂತ್ರ ಈ ಊರುಗಳಿಗೆ ಹೊಂದುತ್ತದೆ ಎಂಬುದನ್ನು ಈ ಸರಕೇ ತೀರ್ಮಾನಿಸಿತು: ನೂರು, ಐನೂರು, ಸಾವಿರ ಪ್ರತಿಗಳ ಚಿಲ್ಲರೆ ಕೆಲಸ, ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಮತ್ತು ದಪ್ಪದ ಕಾಗದ.

ಇಂಥ ಕೆಲಸಕ್ಕೆ ಒದಗಿದ್ದು ಟ್ರೆಡಲ್. ಅಮೆರಿಕದ ಜಾರ್ಜ್ ಗಾರ್ಡನ್ 1851ರಲ್ಲಿ ಸನ್ನದು ಪಡೆದ ಮಾದರಿಯಿಂದ ಬೆಳೆದ ಈ ಯಂತ್ರದಲ್ಲಿ ಮೊಳೆ ಜೋಡಿಸಿದ ಫಾರ್ಮು ಒಂದು ಕಡೆ ನೆಟ್ಟಗೆ ನಿಂತಿರುತ್ತದೆ. ಅದರೆದುರಿನ ಚಪ್ಪಟೆ ಹಲಗೆ ಬಾಯಿ ತೆರೆದು ಮುಚ್ಚುತ್ತದೆ. ಕಾಲಿನಿಂದ ಮೆಟ್ಟಿ ಓಡಿಸಬಹುದಾದ್ದರಿಂದ ವಿದ್ಯುತ್ತು ಇಲ್ಲದ ಊರಿಗೂ ಅದು ಸಲ್ಲುತ್ತಿತ್ತು. ಬಲಗೈ ಹೊಸ ಹಾಳೆಯನ್ನು ಹಲಗೆಯ ಪಿನ್ನುಗಳಿಗೆ ತಾಗಿಸಿ ಇಡುವಷ್ಟರಲ್ಲಿ ಎಡಗೈ ಅಚ್ಚಾದ ಹಾಳೆಯನ್ನು ಸೆಳೆದುಕೊಳ್ಳಬೇಕು, ಬಾಯಿ ಮುಚ್ಚುವ ಮೊದಲು ಎರಡೂ ಕೈ ಹೊರಗಿರಬೇಕು. ಗಂಟೆಗೆ ಸಾವಿರದ ಆಸುಪಾಸಿನಲ್ಲಿ ನಡೆಯುವ ಈ ಕೆಲಸದಲ್ಲಿ ಬೆರಳು ನಜ್ಜಾಗುವ ಅಪಾಯ ಸದಾ ಇತ್ತು. ಅದನ್ನು ಮರೆತು ಟ್ರೆಡಲಿನ ಕಾಲವನ್ನು ಬರಿಯ ಹೊಗಳಿಕೆಯಿಂದ ನೆನೆಯುವುದು ಅಲ್ಲಿ ದುಡಿದವರಿಗೆ ಮಾಡುವ ಅನ್ಯಾಯ.

ಟ್ರೆಡಲಿನ ಮುಂದೆ ನಿಂತವನ ನಿಜವಾದ ವಿದ್ಯೆ ಇದ್ದದ್ದು ಹಾಳೆ ಬಿಡಿಸುವುದರಲ್ಲಿ. ಕತ್ತರಿಸುವ ಯಂತ್ರದ ಅಲಗು ಮೊಂಡಾಗಿದ್ದರೆ ರೀಮಿನ ಅಂಚಿನಲ್ಲಿ ಹಾಳೆಗಳ ನಾರು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಆದ್ದರಿಂದ ಕಾಗದದ ಹಿಡಿಯನ್ನು ಬಗ್ಗಿಸಿ, ನಡುವೆ ಗಾಳಿ ಹೊಗುವಂತೆ ಝಾಡಿಸಿ, ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವಂತೆ ಸರಿಸಿ ಹಲಗೆಯ ಮೇಲಿಡಬೇಕಾಗುತ್ತಿತ್ತು. ಕಾಗದದ ದಪ್ಪವನ್ನು ಬೆರಳತುದಿ ಅಳೆಯುತ್ತಿತ್ತು. ಎರಡು ಹಾಳೆ ಒಟ್ಟಿಗೆ ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಮುಂದೆ ಬಂದ ಹೆಚ್ಚಿನ ಫೀಡರುಗಳು, ಅಂದರೆ ತಾವಾಗಿ ಹಾಳೆ ಉಣಿಸುವ ಸಾಧನಗಳು, ಇದೇ ಕೈಯ ನಾಲ್ಕು ಕೆಲಸಗಳನ್ನು ಬಿಡಿಬಿಡಿಯಾಗಿ ಅನುಕರಿಸಿದವು: ಝಾಡಿಸುವುದನ್ನು ಗಾಳಿಯ ಊದುಕೊಳವೆ, ಎತ್ತುವುದನ್ನು ಹೀರುಬಟ್ಟಲು, ಹಿಡಿದು ಸಾಗಿಸುವುದನ್ನು ಗ್ರಿಪ್ಪರು, ದಪ್ಪ ಅಳೆಯುವುದನ್ನು ಜೋಡಿಹಾಳೆ ಪತ್ತೆಯ ಉರುಳೆ ವಹಿಸಿಕೊಂಡವು.

ಇಲ್ಲಿ ಕರಾವಳಿಯ ಹವೆಯ ವಿಚಾರಕ್ಕೆ ಬರಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಐವತ್ತರಷ್ಟಿದ್ದಾಗ ಕಾಗದದಲ್ಲಿ ತೂಕದ ಶೇಕಡಾ 6-7ರಷ್ಟು ನೀರು ಇರುತ್ತದೆ. ಆಷಾಢದ ದಿನಗಳಲ್ಲಿ ಆರ್ದ್ರತೆ ತೊಂಬತ್ತಕ್ಕೇರಿದಾಗ ಅದು ಹೆಚ್ಚುಕಡಿಮೆ ಎರಡುಪಟ್ಟಾಗುತ್ತದೆ. ತೇವ ಹೀರಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವುದರಿಂದ ಹಾಳೆ ಒಂದೇ ದಿಕ್ಕಿನಲ್ಲಿ ಬೆಳೆದು ಸುರುಳುತ್ತದೆ. ಅಟ್ಟಿಯಾಗಿ ಜೋಡಿಸಿಟ್ಟ ಕಾಗದದಲ್ಲಿ ಗಾಳಿ ಮೊದಲು ತಾಗುವುದು ಅಂಚಿಗೆ. ಅಂಚು ಹಿಗ್ಗಿ ನಡುಭಾಗ ಹಾಗೆಯೇ ಉಳಿದರೆ ಅಂಚು ಅಲೆಯಲೆಯಾಗುತ್ತದೆ. ಅಲೆಯಾದ ಅಂಚಿನ ಮೇಲೆ ಹೀರುಬಟ್ಟಲು ಕುಳಿತರೆ ಸಂದಿನಲ್ಲಿ ಗಾಳಿ ನುಸುಳಿ ಹಿಡಿತ ತಪ್ಪುತ್ತದೆ. ಮೆದುವಾದ ಹಾಳೆಗಳು ಒಂದಕ್ಕೊಂದು ಅಂಟಿದಂತಾಗಿ ಎರಡು ಮೂರು ಒಟ್ಟಿಗೆ ಏಳುತ್ತವೆ. ಇದೇ ಜಿಲ್ಲೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯಿಂದ ಹೊರಟ ರೀಮು ಘಟ್ಟ ಇಳಿದು ಕುಮಟೆಗೆ ಬರುವಷ್ಟರಲ್ಲಿ ಬೇರೆಯೇ ಹವೆಗೆ ಬಿದ್ದಿರುತ್ತದೆ. ಹೊದಿಕೆಯನ್ನು ಕೆಲಸದ ಹೊತ್ತಿಗಷ್ಟೇ ಬಿಚ್ಚುವುದು, ರೀಮುಗಳನ್ನು ನೆಲದಿಂದ ಮೇಲೆ ಹಲಗೆಯ ಮೇಲಿಡುವುದು, ಉಳಿದ ಕಾಗದವನ್ನು ಮತ್ತೆ ಸುತ್ತಿ ಕಟ್ಟುವುದು ಇವೆಲ್ಲ ಹಾಳೆ ಉಣಿಸುವ ತಂತ್ರದ ಭಾಗಗಳೇ. ಯಂತ್ರದ ಕೈಪಿಡಿಗಳಲ್ಲಿ ಇವಕ್ಕೆ ಸಿಕ್ಕ ಜಾಗ ಮಾತ್ರ ಬಹಳ ಕಡಿಮೆ.

ಹೀರುವ ವಿಧಾನವನ್ನು ಸಣ್ಣ ಮುದ್ರಣಾಲಯದ ಅಳತೆಗೆ ಇಳಿಸಿದ ಕೀರ್ತಿ ಜರ್ಮನಿಯ ಹೈಡಲ್‌ಬರ್ಗ್ ಯಂತ್ರಕ್ಕೆ ಸಲ್ಲಬೇಕು. 1914ರ ಲೈಪ್‌ಜಿಗ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಯಂತ್ರದಲ್ಲಿ ಎದುರುಬದುರಾಗಿ ಚಾಚಿದ ಎರಡು ಗ್ರಿಪ್ಪರ್ ತೋಳುಗಳು ಒಂದೇ ಅಕ್ಷದ ಸುತ್ತ ತಿರುಗುತ್ತವೆ. ಒಂದು ತೋಳು ಹೊಸ ಹಾಳೆಯನ್ನು ಒಳಗೆ ತರುವಾಗ ಇನ್ನೊಂದು ಅಚ್ಚಾದದ್ದನ್ನು ಹೊರಗೆ ಒಯ್ಯುತ್ತದೆ. ಹಾಗಾಗಿ ಅದಕ್ಕೆ ವಿಂಡ್‌ಮಿಲ್ ಎಂಬ ಹೆಸರು ನಿಂತಿತು. ಊದುಗಾಳಿ ಅಟ್ಟಿಯ ಮೇಲಿನ ಕೆಲವು ಹಾಳೆಗಳನ್ನು ಸಡಿಲಿಸುತ್ತದೆ, ಹೀರುಪಟ್ಟಿ ಮೇಲಿನದನ್ನು ಎತ್ತಿ ತೋಳಿನ ಹಿಡಿತಕ್ಕೆ ಒಪ್ಪಿಸುತ್ತದೆ. ಮುಂದಿನ ಮಾದರಿಗಳು ಗಂಟೆಗೆ 5,000ದವರೆಗೂ ಓಡಿದವು. 1985ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳು ಲೋಕವೆಲ್ಲ ಹರಡಿದ್ದವು. ದಪ್ಪ ಕಾರ್ಡಿನ ಲಗ್ನಪತ್ರಿಕೆಗೆ ಇದು ಹೇಳಿ ಮಾಡಿಸಿದಂತಿದ್ದರೂ ತೆಳು ಕರಪತ್ರದ ಕಾಗದಕ್ಕೆ ಗಾಳಿಯ ಹದ ಹಿಡಿಯುವುದು ಕಷ್ಟ. ಟ್ರೆಡಲು ಬಹುಕಾಲ ಉಳಿದುಕೊಂಡದ್ದಕ್ಕೆ ಬಡತನದಷ್ಟೇ ಈ ತೆಳು ಕಾಗದವೂ ಕಾರಣ. ಆಫ್‌ಸೆಟ್ ಬಂದ ಮೇಲೂ ಬಿಲ್ ಪುಸ್ತಕಕ್ಕೆ ಕ್ರಮಸಂಖ್ಯೆ ಒತ್ತಲು, ಹರಿಯುವ ಗೆರೆಗೆ ತೂತು ಹಾಕಲು, ಡೈ ಕತ್ತರಿಸಲು ವಿಂಡ್‌ಮಿಲ್ಲನ್ನು ಇಟ್ಟುಕೊಂಡ ಮುದ್ರಣಾಲಯಗಳು ಅನೇಕ.

ಆಫ್‌ಸೆಟ್ ವಿಧಾನ ಕಾಗದದ ಮುದ್ರಣಕ್ಕೆ ಬಂದದ್ದೇ ಹಾಳೆ ಕೊಡುವಾಗ ಆದ ಒಂದು ತಪ್ಪಿನಿಂದ. ಅಮೆರಿಕದ ನಟ್ಲಿಯಲ್ಲಿ 1904ರ ಸುಮಾರಿಗೆ ಐರಾ ರುಬೆಲ್ ನಡೆಸುತ್ತಿದ್ದ ಕಲ್ಲಚ್ಚಿನ ಯಂತ್ರದಲ್ಲಿ ಒಂದು ಹಾಳೆ ತಪ್ಪಿಹೋಯಿತು. ಮಸಿ ನೇರವಾಗಿ ಒತ್ತುರುಳೆಯ ರಬ್ಬರಿಗೆ ತಾಗಿತು. ಮುಂದಿನ ಹಾಳೆಯ ಹಿಂಬದಿಗೆ ರಬ್ಬರಿನಿಂದ ಇಳಿದ ಅಚ್ಚು ಮುಂಬದಿಗಿಂತ ಸ್ಫುಟವಾಗಿತ್ತು. ಹಿಂಬದಿಗೂ ಅಚ್ಚಾದ ಆ ಹಾಳೆಯನ್ನು ರದ್ದಿಗೆ ಎಸೆಯದೆ ಪರೀಕ್ಷಿಸಿ ನೋಡಿದ ಮನಸ್ಸು ದೊಡ್ಡದು. ಭಟ್ಕಳದ ಮಟ್ಟಿಗೆ ಈ ವಿಧಾನದ ಉಪಯೋಗ ಇನ್ನೂ ಒಂದು ತೂಕ ಹೆಚ್ಚು. ಅಲ್ಲಿನ ನವಾಯತ ಸಮುದಾಯದ ನವಾಯತಿ ನುಡಿಯೂ ಉರ್ದುವೂ ಬರೆಯಲ್ಪಡುವ ಬಾಗು ಲಿಪಿಯನ್ನು ಬಿಡಿಮೊಳೆಗಳಲ್ಲಿ ಜೋಡಿಸುವುದು ಬಹಳ ತೊಡಕಿನ ಕೆಲಸ. ಲಿಪಿಕಾರನು ಕೈಯಿಂದ ಬರೆದದ್ದನ್ನೇ ಪ್ಲೇಟಿಗೆ ಇಳಿಸುವ ಕಲ್ಲಚ್ಚು ಮತ್ತು ಆಫ್‌ಸೆಟ್‌ಗಳಲ್ಲಿ ಆ ತೊಡಕು ಇಲ್ಲ.

ಆಫ್‌ಸೆಟ್ಟಿನ ವೇಗಕ್ಕೆ ಒಂದೊಂದೇ ಹಾಳೆಯನ್ನು ಬಿಡಿಯಾಗಿ ಓಡಿಸುವುದು ಸಾಲದೆ ಬಂದಾಗ ಹರಿವಿನ ಫೀಡರು ಬಳಕೆಗೆ ಬಂತು. ಗಂಟೆಗೆ 10,000 ಎಂದರೆ ಹಾಳೆಗೆ ದೊರಕುವುದು 0.36 ಸೆಕೆಂಡು. 70 ಸೆಂಟಿಮೀಟರ್ ಉದ್ದದ ಹಾಳೆಗಳು ಒಂದರ ಹಿಂದೊಂದು ಬಂದರೆ ಅವು ಸೆಕೆಂಡಿಗೆ ಸುಮಾರು 1.9 ಮೀಟರ್ ವೇಗದಲ್ಲಿ ಬಂದು ನಿಲುಗಡೆಗೆ ಬಡಿದು ಅಂಚು ಮಡಚಿಕೊಳ್ಳುತ್ತವೆ. ಮುಂದಿನ ಹಾಳೆಯ ಬಾಲದ ಕೆಳಗೆ ಹಿಂದಿನ ಹಾಳೆಯ ತಲೆ ತೂರುವಂತೆ, ಛಾವಣಿಯ ಹೆಂಚುಗಳ ಹಾಗೆ ಒಂದರ ಮೇಲೊಂದು ಹೊಂದಿಸಿ, ಪ್ರತಿ ಬಾರಿ ಮೂರನೆಯ ಒಂದು ಭಾಗದಷ್ಟೇ ಮುಂದೆ ಸರಿಸಿದರೆ ವೇಗವೂ ಮೂರನೆಯ ಒಂದು ಭಾಗಕ್ಕಿಳಿಯುತ್ತದೆ. ಅಟ್ಟಿಯ ಹಿಂಬದಿಯಿಂದ ಹಾಳೆಯನ್ನೆತ್ತುವ ಬಟ್ಟಲುಗಳು, ಕೆಳಗೆ ಗಾಳಿಯೂದಿ ಅಟ್ಟಿಯ ಎತ್ತರವನ್ನೂ ಅಳೆಯುವ ಒತ್ತುಪಾದ, ಅಂಟಿ ಬಂದ ಎರಡನೆಯ ಹಾಳೆಯನ್ನು ತಡೆಯುವ ಕುಂಚ ಈ ವ್ಯವಸ್ಥೆಯ ಅಂಗಗಳು. ಇಷ್ಟೆಲ್ಲ ಇದ್ದರೂ ಮಳೆಗಾಲದಲ್ಲಿ ಗಾಳಿಯ ತಿರುಪನ್ನು ತಿದ್ದುವವನು ಮುದ್ರಕನೇ.

ಹೀರುವ ಬದಲು ಉಜ್ಜಿ ಬೇರ್ಪಡಿಸುವ ಇನ್ನೊಂದು ಕವಲು ಸೈಕ್ಲೋಸ್ಟೈಲ್ ಯಂತ್ರಗಳಿಂದ ಹಿಡಿದು 1959ರ ಜೆರಾಕ್ಸ್ 914ರ ನಂತರದ ನಕಲು ಯಂತ್ರಗಳವರೆಗೆ ಬೆಳೆದು ಬಂದಿದೆ. ರಬ್ಬರ್ ಉರುಳೆ ಮೇಲಿನ ಹಾಳೆಯನ್ನು ಮುಂದಕ್ಕೆ ಎಳೆಯುತ್ತದೆ. ಕೆಳಗಿನ ತಡೆಪಟ್ಟಿ ಎರಡನೆಯದನ್ನು ನಿಲ್ಲಿಸುತ್ತದೆ. ಇದು ನಡೆಯಬೇಕಾದರೆ ಉರುಳೆಗೂ ಕಾಗದಕ್ಕೂ ಇರುವ ಘರ್ಷಣೆ ಎಲ್ಲಕ್ಕಿಂತ ಹೆಚ್ಚಾಗಿ, ಪಟ್ಟಿಗೂ ಕಾಗದಕ್ಕೂ ಇರುವುದು ಅದಕ್ಕಿಂತ ಕಡಿಮೆಯಾಗಿ, ಕಾಗದಕ್ಕೂ ಕಾಗದಕ್ಕೂ ಇರುವುದು ಅತಿ ಕಡಿಮೆಯಾಗಿ ಇರಬೇಕು. ರಬ್ಬರಿಗೆ ಕಾಗದದ ಧೂಳು ಮೆತ್ತಿದರೆ ಮೊದಲನೆಯದು ಕುಸಿದು ಹಾಳೆ ಹೋಗುವುದೇ ಇಲ್ಲ, ತೇವ ಏರಿದರೆ ಮೂರನೆಯದು ಹೆಚ್ಚಿ ಹಾಳೆಗಳು ಜೋಡಿಯಾಗಿ ಹೋಗುತ್ತವೆ. ತೇವದ ನಾಡುಗಳಿಗಾಗಿ ಕಾಗದದ ತಟ್ಟೆಯ ಬಳಿ ಸಣ್ಣ ಬಿಸಿಪಟ್ಟಿಯನ್ನು ತಯಾರಕರೇ ಒದಗಿಸುವ ಯಂತ್ರಗಳೂ ಇವೆ. ಬ್ಯಾಂಕಿನ ನೋಟು ಎಣಿಸುವ ಯಂತ್ರದಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ.

ಈ ಬೆಳವಣಿಗೆಯ ಯಂತ್ರಭಾಗ ಸನ್ನದುಗಳಲ್ಲಿ, ಕೈಪಿಡಿಗಳಲ್ಲಿ ದಾಖಲಾಗಿದೆ. ಅದನ್ನು ಯಾವ ಊರಿನಲ್ಲಿ ಕುಳಿತಾದರೂ ಓದಬಹುದು. ಯಾವ ತಿಂಗಳಲ್ಲಿ ಯಾವ ಕಾಗದಕ್ಕೆ ಎಷ್ಟು ಗಾಳಿ, ತೆಳು ಹಾಳೆಯನ್ನು ಯಾವ ಅಂಚಿನಿಂದ ಎತ್ತಬೇಕು ಎಂಬ ಜ್ಞಾನ ಮಾತ್ರ ಟ್ರೆಡಲಿನ ಮುಂದೆ ನಿಂತು ದುಡಿದ ವಯಸ್ಸಾದ ಮುದ್ರಕರಲ್ಲಿ ಉಳಿದಿದೆ. ಕುಮಟಾ, ಹೊನ್ನಾವರ, ಭಟ್ಕಳಗಳ ಕಾಲೇಜುಗಳು ಮತ್ತು ಪಾಲಿಟೆಕ್ನಿಕ್‌ಗಳು ಅವರ ಮಾತನ್ನೂ ಕೈಚಲನೆಯನ್ನೂ ಧ್ವನಿ ಮತ್ತು ಚಿತ್ರದಲ್ಲಿ ಹಿಡಿದಿಡುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು. ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಮೊದಲು ತಾಲ್ಲೂಕಿಗೊಂದಾದರೂ ಟ್ರೆಡಲನ್ನು, ಓಡುವ ಸ್ಥಿತಿಯಲ್ಲಿಯೇ, ಉಳಿಸಿಕೊಳ್ಳಬೇಕು.